ಕೆಸರವ್ವನ ದನಿ

ಬೆಟಗೇರಿ
9 ಜನವರಿ 2025, ಗುರುವಾರ

ಶಿರಹಟ್ಟಿ ತಾಲೂಕು ಮಾಗಡಿಯ ಅವ್ವನಿಗೆ, ಬೆಟಗೇರಿಯಿಂದ ನಿನ್ನ ನೀಲಾ ಕಾಲು ಮುಟ್ಟಿ ಬರೆಯುವುದು.

ನಾನು ಅರಾಮ ಇದ್ದೇನೆ ಎಂದು ಬರೆದರೆ ಸುಳ್ಳು, ನೀನು ಅರಾಮ ಇದ್ದೀಯಾ ಎಂದು ಕೇಳಿದರೆ ಚೇಷ್ಟೆ. ಹೀಗಾಗಿ ಎರಡನ್ನೂ ಬಿಟ್ಟೆ. ಅಕ್ಷರ ದೊಡ್ಡದು ಮಾಡಿ ಬರೆದಿದ್ದೇನೆ. ನೀನು ಮೂರನೆಯ ಇಯತ್ತೆ ಕಲಿತವಳು. ಬಸ್ಸಿನ ಬೋರ್ಡು ಓದುತ್ತೀಯ, ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುತ್ತೀಯ, ಇದನ್ನೂ ಓದುತ್ತೀಯ. ಬೇರೆಯವರ ಕೈಯಲ್ಲಿ ಓದಿಸಬೇಡ. ಎಷ್ಟು ಹೊತ್ತು ಹಿಡಿದರೂ ನೀನೇ ಓದು. ಆದರೆ ಭಾನುವಾರದ ಒಳಗೆ ಮುಗಿಸು, ಯಾಕೆಂದು ಮುಂದೆ ಹೇಳುತ್ತೇನೆ.

ಫೋನು ಮಾಡೋಣವೆಂದರೆ ನೀನು ಅದನ್ನು ಬಂದ್ ಮಾಡಿ ಜೋಳದ ಚೀಲದೊಳಗೆ ಹುಗಿದಿದ್ದೀಯಂತೆ. ನಮ್ಮ ಓಣಿಯ ತಿರಕಪ್ಪ ಕಾಕಾ ಫೋನಿನಲ್ಲಿ ಹೇಳಿದ. “ನಿಮ್ಮವ್ವ ಮಾತ ಬಿಟ್ಟಾಳವಾ. ನಮ್ಮ ಮೊಮ್ಮಗಳಿಗೆ ಎರಿಯಾಕ ಬರ್ತಾಳ, ಬಾಯಿಗೆ ಸೆರಗ ಕಟ್ಕೊಂಡು ಎರದ ಹೋಗ್ತಾಳ. ಕೂಸು ಒಂದ ಸಮ ಅಳತೈತಿ” ಅಂದ. ಇಡೀ ತಾಲೂಕಿನ ಕೂಸುಗಳನ್ನು ಬೈದು ಬೈದು ನಗಿಸಿದ ಬಾಯಿ ನಿನ್ನದು. ಅದಕ್ಕೆ ಸೆರಗು ಕಟ್ಟಿದ್ದೀಯ ಎಂದು ಕೇಳಿದಾಗ ನನಗೆ ಒಲೆಯ ಮುಂದೆ ಕೂರಲಾಗಲಿಲ್ಲ, ಹಿತ್ತಲಿಗೆ ಹೋಗಿ ಅತ್ತೆ.

ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಶಿರಹಟ್ಟಿಯ ಹನಮಂತವ್ವನ ಮೊಮ್ಮಗನಿಗೆ ನೀನು ದಿನಾ ಬೆಳಗಿನ ಬಸ್ಸಿಗೆ ಹೋಗಿ ಎಣ್ಣೆ ಹಚ್ಚಿ, ನೀರು ಎರೆದು ಬರುತ್ತಿದ್ದೆ. ಇಪ್ಪತ್ತೆರಡನೆಯ ದಿನ ಎಣ್ಣೆ ಬೆಚ್ಚಗೆ ಮಾಡಿ ಕೈಗೆ ಹಚ್ಚಿಕೊಂಡು, ಕಾಲು ಚಾಚಿ ಕುಳಿತಿದ್ದೀಯ. ಹನಮಂತವ್ವ ಬಂದು, “ಇವತ್ತಿಂದ ಬ್ಯಾಡ್ರಿ ದೇವವ್ವಾರ, ನಾವ ಎರಕೊಂತೀವಿ” ಅಂದಳು. ಯಾಕೆಂದು ಕೇಳಿದರೆ ಆಕೆಯ ಸೊಸೆ ಒಳಗಿನಿಂದ ಮೊಬೈಲು ಜೋರಾಗಿ ಹಚ್ಚಿದಳು. ಕೂಸಿಗೆ ಹಿಂದಿನ ದಿನದಿಂದ ಜ್ವರ, ಹಾಲು ಒಲ್ಲದು. ಮೊಬೈಲಿನೊಳಗೆ ಕೆಸರವ್ವ ಎಂಬ ಕಾರ್ಟೂನಿನ ರಾಕ್ಷಸಿ ನಿನ್ನ ದನಿಯಲ್ಲಿ, ನಿನ್ನ ಮಾತಿನಲ್ಲಿ, ಒಂದು ಹಸುಗೂಸನ್ನು ಬೈಯುತ್ತಿದ್ದಳು. ಬೈದು ಮುಗಿಸುವುದರೊಳಗೆ ಆ ಕೂಸು ಕಲ್ಲಾಯಿತು. ನೀನು ಎಣ್ಣೆಗೈಯಲ್ಲೇ ಎದ್ದು ಬಸ್‌ಸ್ಟ್ಯಾಂಡಿಗೆ ನಡೆದೆ.

ಊರಿಗೆ ಬಂದವಳು ಮನೆಗೆ ಹೋಗಲಿಲ್ಲ, ಸೀದಾ ಬಾನುಬಿ ದೊಡ್ಡವ್ವನ ಬಾಗಿಲಿಗೆ ಹೋದೆ. ಎರಡು ವರ್ಷದ ಹಿಂದೆ ಆಕೆಯ ಸೊಸೆ ಅಲ್ಮಾಸಬಿ ತನ್ನ ಮಗ ಅಝೀಮನಿಗೆ ನೀನು ಎರೆಯುವುದನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದಳು, ನೆನಪಿಗಿರಲಿ ಎಂದು. ಅದೇ ಎಂದು ನೀನು ಲೆಕ್ಕ ಹಾಕಿದೆ. “ನನ್ನ ದನಿ ಮಾರಿಕೊಂಡಾಳ ನಿನ್ನ ಸೊಸಿ, ನನ್ನ ಹೆಸರ ಹೇಳಿ ನನ್ನ ರಾಕ್ಷಸಿ ಮಾಡ್ಯಾಳ” ಎಂದು ಓಣಿ ಕೂಡುವಂತೆ ಕೂಗಿದೆ. ನಲವತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಸಾರು ಕೊಟ್ಟು ಸಾರು ತಗೊಂಡವರು ನೀವು. ನಾನು ಹುಟ್ಟಿದಾಗ ನಿನಗೆ ಬಾಣಂತನ ಮಾಡಿದವಳು ಆಕೆ. ಆ ದಿನ ಸಂಜೆ ಬಾನುಬಿ ದೊಡ್ಡವ್ವ ನನಗೆ ಫೋನು ಮಾಡಿ, “ನೀಲವ್ವಾ, ನಿಮ್ಮವ್ವಗ ನೀನರ ಹೇಳ. ನಮ್ಮ ಹುಡುಗಿ ಖುರಾನ್ ಮುಟ್ಟಿ ಹೇಳಾಕತ್ತಾಳ, ಯಾರಿಗೂ ಕೊಟ್ಟಿಲ್ಲಂತ” ಎಂದು ಅತ್ತಳು. ನಾನು “ಹೇಳ್ತೀನಿ ದೊಡ್ಡವ್ವ” ಅಂದೆ. ಹನ್ನೊಂದು ದಿನವಾಯಿತು, ಹೇಳಿಲ್ಲ.

ಹೇಳಿಲ್ಲ ಯಾಕೆಂದರೆ, ಆ ದನಿ ನಿನ್ನದಲ್ಲ ಅವ್ವಾ. ಅದು ನನ್ನದು.

ಬಿಸಾಡಬೇಡ, ಓದು. ಮೊಬೈಲಿಗೆ ಕಿವಿ ಹಚ್ಚಿ ನೀನೇ “ಇದು ನಾನ. ನಾ ಆಡಿದ್ದ” ಅಂದೆಯಂತೆ. ಹೆತ್ತ ತಾಯಿಯೇ ಮೋಸ ಹೋಗುವ ಹಾಗೆ ನಿನ್ನ ದನಿ ತೆಗೆಯಲು ನನಗೆ ಬರುತ್ತದೆ. ಸಣ್ಣವಳಿದ್ದಾಗ ನೀನು ಕೆಲಸಕ್ಕೆ ಹೋದ ಮೇಲೆ ಗೊಂಬೆಯನ್ನು ಕಾಲ ಮೇಲೆ ಹಾಕಿಕೊಂಡು ನಿನ್ನ ಹಾಗೆ ಬೈಯುತ್ತ ಎರೆಯುತ್ತಿದ್ದೆ. ಆ ವಿದ್ಯೆ ಹೊಟ್ಟೆಪಾಡಿಗೆ ಬಂತು.

ಇಲ್ಲಿ ಇಜಾಜಣ್ಣನ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತೇನೆಂದು ನಿನಗೂ, ನಮ್ಮ ಮನೆಯವರಿಗೂ ಹೇಳಿದ್ದೆ. ಟೈಪ್ ಮಾಡುವುದು ಖರೆ. ಆದರೆ ಮಹಡಿಯ ಮೇಲೆ ಆತ ಒಂದು ಕೋಣೆಗೆ ಗೋಣಿತಟ್ಟು, ಕೌದಿ ಹೊಡೆದು ದನಿ ಹಿಡಿಯುವ ಸ್ಟುಡಿಯೋ ಮಾಡಿಕೊಂಡಿದ್ದಾನೆ. ಮೊದಲು ಗೊಬ್ಬರದ ಜಾಹೀರಾತಿಗೆ, ಪಂಚಾಯಿತಿ ಚುನಾವಣೆಗೆ ಮಾತಾಡಿದೆ. ಆಮೇಲೆ ಈ ‘ಹಕ್ಕಿರಾಜ್ಯ’ ಬಂತು. ಹಿಂದಿನ ಚಳಿಗಾಲ ನಾಲ್ಕು ಮಂದಿ ನಮ್ಮ ಕೆರೆಯ ದಂಡೆಗೆ ಕುಳಿತು ಹಕ್ಕಿಗಳ ಚಿತ್ರ ಬರೆಯುತ್ತಿದ್ದರಲ್ಲ, ನೀನೇ ಮಜ್ಜಿಗೆ ಕೊಟ್ಟಿದ್ದೆ, ಅವರೇ ಮಾಡಿದ ಕಾರ್ಟೂನು ಅದು. ಮೊಬೈಲಿನಲ್ಲಿ ವಾರಕ್ಕೊಂದು ಕಂತು. ಕೆರೆಯ ತಳದಲ್ಲಿ ಒಂದು ಅರಮನೆ, ದೂರದೇಶದ ಹಕ್ಕಿಗಳೆಲ್ಲ ಅಲ್ಲಿ ಇಳಿದ ಕೂಡಲೇ ರಾಜ, ರಾಣಿ, ಸಿಪಾಯಿ ಆಗುತ್ತಾರೆ. ಕೆಸರವ್ವ ಅವರ ಕೂಸುಗಳನ್ನು ಕದಿಯುವವಳು. ಚಿತ್ರ ನೋಡಿದರೆ ನಿನಗೂ ಸೇರುತ್ತಿತ್ತು, ಅಷ್ಟು ಚೆಂದ ಬರೆದಿದ್ದಾರೆ.

ಅವರು ಬರೆದುಕೊಟ್ಟ ಮಾತು ಮಾತ್ರ ಬರೀ ಸಪ್ಪೆ. “ಎಲೈ ಶಿಶುವೇ, ನಿನ್ನನ್ನು ಕಲ್ಲಾಗಿಸುವೆನು” ಅಂತೆ. ಮೂರು ಸಲ ಹೇಳಿದೆ, ನಾಲ್ಕನೆಯ ಸಲಕ್ಕೆ ನನಗೇ ನಗು ಬಂತು. “ನಿಮಗ ಹೆಂಗ ಬರತೈತಿ ಹಂಗ ಅನ್ರಿ ಅಕ್ಕಾರ, ಕೇಳಿದವರ ಎದಿ ಝಲ್ ಅನಬೇಕು” ಅಂದ ಇಜಾಜಣ್ಣ. ಕಣ್ಣು ಮುಚ್ಚಿದೆ. ಬಾಯಿಗೆ ಬಂದದ್ದು ನಿನ್ನ ಮಾತು. “ಏನ್ ಕೆಟ್ಟ ಮಾರೀದು ಹುಟ್ಟೇತ್ಯೋ ಇದು! ಯಾರಿಗೆ ಬೇಕಾಗೇತಿ ಇದು? ಕಾಗಿ ಸೈತ ಕಚ್ಚಂಗಿಲ್ಲ, ನಾಯಿ ಸೈತ ಮೂಸಂಗಿಲ್ಲ, ತಿಪ್ಪಿಗೆ ಒಗದರ ತಿಪ್ಪಿ ಸೈತ ಒಲ್ಲೆ ಅಂತೈತಿ...” ಒಂದೇ ಉಸಿರಿಗೆ ಆಡಿದೆ. ಇಜಾಜಣ್ಣ ಮೈಮೇಲಿನ ರೋಮ ತೋರಿಸಿದ. ಆಮೇಲೆ ಯಂತ್ರದಲ್ಲಿ ಅದನ್ನು ಇನ್ನಷ್ಟು ನಿಧಾನ ಮಾಡಿ, ಹಿಂದೆ ಗಾಳಿ ಬೀಸುವ ಸಪ್ಪಳ ಸೇರಿಸಿದರು.

ನನಗೆ ಗೊತ್ತಿತ್ತು ಅವ್ವಾ. ಗೊತ್ತಿಲ್ಲದೆ ಮಾಡಿದೆ ಎನ್ನಲಾರೆ. ಚೆಂದದ ಕೂಸನ್ನು ಚೆಂದ ಎಂದರೆ ಕಣ್ಣು ತಾಗುತ್ತದೆ, ಒಯ್ಯಲು ಬಂದವನು ಕೇಳಿಸಿಕೊಂಡಾನು, ಅದಕ್ಕೇ ಯಾರಿಗೂ ಬೇಡಾದದ್ದು ಇದು ಎಂದು ಕೂಗಿ ಹೇಳಬೇಕು. ನಮ್ಮ ಕಡೆ ಕೂಸು ಉಳಿಯದ ಮನೆಯಲ್ಲಿ ತಿರಕಪ್ಪ ಎಂದು, ಹುಚ್ಚವ್ವ ಎಂದು ಹೆಸರಿಡುವುದೂ ಅದಕ್ಕೇ. ನೀನು ಬೈಯುವಾಗ ನಿನ್ನ ಕೈ ಕೂಸಿನ ನೆತ್ತಿ ಸವರುತ್ತಿರುತ್ತದೆ, ಹಣೆಯ ಕಾಡಿಗೆ ಬೊಟ್ಟು ನೀರು ತಾಗದ ಹಾಗೆ ಕಾಯುತ್ತಿರುತ್ತದೆ. ನನ್ನ ಕೂಗಿನಲ್ಲಿ ಕೈ ಇರಲಿಲ್ಲ, ಬರೀ ಬಾಯಿ ಇತ್ತು. ಹರಕೆಯನ್ನು ತಗೊಂಡು ಹೋಗಿ ಶಾಪ ಮಾಡಿದೆ.

ಇನ್ನೂ ನಾಚಿಕೆಗೇಡು ಮುಂದೆ ಇದೆ. ಕಂತು ಬಂದ ಮರುದಿನದಿಂದ ನೋಡಿದವರು ಕೆಳಗೆ ಬರೆಯತೊಡಗಿದರು. “ಏನ್ ದನಿರೀ ಇದು, ಊಟ ಬಿಟ್ಟ ಕುಂತೆ.” “ನಮ್ಮ ಹುಡುಗ ಹಾಸಿಗಿ ಒದ್ದಿ ಮಾಡ್ಕೊಂಡ, ಇನ್ನೊಮ್ಮೆ ಹಚ್ಚು ಅಂತಾನ.” ಮುಂಡರಗಿಯ ಒಬ್ಬ ಮಾಸ್ತರರು “ಈ ಕಲಾವಿದೆಗೆ ಸನ್ಮಾನ ಮಾಡಬೇಕು” ಎಂದು ಬರೆದರು. ಮೈಸೂರು ಕಡೆಯ ಯಾರೋ “ಈ ಭಾಷೆಯೇ ರಾಕ್ಷಸಿಗೆ ಸರಿ” ಎಂದು ಬರೆದಿದ್ದ, ಅವನ ಹಲ್ಲು ಉದುರಲಿ. ನನಗೆ ಹುಚ್ಚು ಹಿಡಿಯಿತು. ಹಾಲು ಉಕ್ಕಿ ಒಲೆಗೆ ಹೋದರೂ ಓದುತ್ತ ನಿಂತಿರುತ್ತಿದ್ದೆ. ಮದುವೆಯಾಗಿ ಒಂಬತ್ತು ವರ್ಷ, “ಸಾರು ಚಲೋ ಆಗೇತಿ” ಎಂದೂ ಯಾರೂ ಅಂದವರಿಲ್ಲ ಈ ಮನೆಯಲ್ಲಿ. ಲಕ್ಷಾಂತರ ಜನ ನನ್ನನ್ನು ಹೊಗಳುತ್ತಿದ್ದರು, ನಾನು ಇಲ್ಲಿ ಬಾಯಿ ಮುಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದೆ.

ನಡುವೆ ಒಬ್ಬ ಅಜ್ಜ ಬರೆದಿದ್ದ, ಇದು ಶಾಪವಲ್ಲ, ನಮ್ಮ ಕಡೆ ಕೂಸಿಗೆ ಎರೆಯುವವರು ಕಣ್ಣು ತಾಗಬಾರದೆಂದು ಆಡುವ ಮಾತು, ಅದನ್ನು ರಾಕ್ಷಸಿಯ ಬಾಯಿಗೆ ಹಾಕಿದ್ದು ತಪ್ಪು ಎಂದು. ನಾಲ್ಕು ಜನ ಮಾತ್ರ ಅದನ್ನು ಮೆಚ್ಚಿದ್ದರು. ಐದನೆಯವಳು ನಾನು ಆಗಬಹುದಿತ್ತು. ಓದಿ ಕೆಳಗೆ ಸರಿಸಿದೆ. ಮರುವಾರ ಯಾರೋ ಬರೆದರು, “ಇದು ಮಾಗಡಿ ದೇವವ್ವನ ದನಿ, ಕೂಸಿಗೆ ಎರಿಯಾಕಿ.” ಅಲ್ಲಿಂದ ಶುರುವಾಯಿತು ನೋಡು. ಶಿರಹಟ್ಟಿ, ಲಕ್ಷ್ಮೇಶ್ವರ, ಹರ್ತಿ, ಎಲ್ಲ ಕಡೆಯ ಹುಡುಗರು ಅದನ್ನೇ ಎತ್ತಿ ಆಡಿದರು. ನಿನ್ನನ್ನು ಬಸ್ಸಿನಲ್ಲಿ ಕಂಡವರು ಕಂಡೆ ಎಂದರು, ಕಾಣದವರೂ ಕಂಡೆ ಎಂದರು. “ಆಕಿ ಎರದ ಕೂಸು ಉಳಿಯಾಂಗಿಲ್ಲ” ಎಂದು ಒಬ್ಬ ತಮಾಷೆಗೆ ಬರೆದ, ಕೆಳಗೆ ನಗುವ ಮುಖಗಳು ಸಾವಿರ. ಹನಮಂತವ್ವನ ಸೊಸೆ ಅದನ್ನು ತಮಾಷೆ ಎಂದು ಓದಲಿಲ್ಲ. ಬಾಣಂತಿ ಆಕೆ, ಜ್ವರದ ಕೂಸು ಮಡಿಲಲ್ಲಿ, ಅವಳನ್ನು ಹೇಗೆ ಬೈಯಲಿ?

ಆ ಕೂಸನ್ನು ಗದಗಿನ ದವಾಖಾನೆಗೆ ತಂದಿದ್ದಾರೆಂದು ತಿಳಿದು ಸುಮ್ಮನೆ ಯಾರನ್ನೋ ನೋಡಲು ಬಂದವಳ ಹಾಗೆ ಹೋಗಿ ನೋಡಿ ಬಂದೆ. ಜ್ವರ ಇಳಿದಿತ್ತು, ಹಾಲು ಕುಡಿಯುತ್ತಿತ್ತು, ಮರುದಿನ ಮನೆಗೆ ಕರೆದೊಯ್ದರು. ಎರೆಯುವುದಕ್ಕೂ ಜ್ವರಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರಂತೆ. ಆದರೂ ಹನಮಂತವ್ವನಿಗೆ ಸಮಾಧಾನವಿಲ್ಲ. ಮಾತು ಕಟ್ಟಿದ್ದು ಮಾತಿನಿಂದಲೇ ಬಿಚ್ಚಬೇಕು ಎಂದು ಹಟ ಹಿಡಿದಿದ್ದಾಳೆ. ಭಾನುವಾರ ಹಿರಿಯರನ್ನು ಕರೆದುಕೊಂಡು ನಿನ್ನ ಮನೆಗೆ ಬರುತ್ತಾರಂತೆ. ನೀನು ಒದ್ದೆ ಸೀರೆಯಲ್ಲಿ ಕೆರೆಯ ದಂಡೆಗೆ ನಿಂತು, “ನಾ ಆಡಿದ್ದು ನಾ ಹಿಂದಕ ತಗೊಂಡೆ” ಎಂದು ಮೂರು ಸಲ ಹೇಳಬೇಕಂತೆ. ತಿರಕಪ್ಪ ಕಾಕಾ ಇದನ್ನು ನಿನಗೆ ಹೇಳಲು ಧೈರ್ಯ ಸಾಲದೆ ನನಗೆ ಹೇಳಿದ.

ಅವ್ವಾ, ನಿಲ್ಲಬೇಡ.

ನಿನ್ನನ್ನು ನಾನು ಬಲ್ಲೆ. ಕೂಸಿಗೆ ಒಳ್ಳೆಯದಾಗುತ್ತದೆ ಎಂದರೆ ನೀನು ಹಿಂದೆ ಮುಂದೆ ನೋಡದೆ ನಿಂತುಬಿಡುತ್ತೀಯ. “ಹೋಗ್ಲಿ ಬಿಡ, ನಂದೇನ ಹೋಗತೈತಿ” ಅನ್ನುತ್ತೀಯ. ಹೋಗುತ್ತದೆ. ಒಮ್ಮೆ ಹಿಂದಕ್ಕೆ ತಗೊಂಡೆ ಎಂದರೆ ಮೊದಲು ಶಾಪ ಕೊಟ್ಟದ್ದು ಖರೆ ಎಂದಾಗುತ್ತದೆ. ಎಷ್ಟು ಕೂಸುಗಳಿಗೆ ಎರೆದಿದ್ದೀಯ ನಿನಗೇ ನೆನಪಿಲ್ಲ, ಅವರೆಲ್ಲರ ಅವ್ವಂದಿರು ಆ ದಿನ ತಮ್ಮ ತಮ್ಮ ಕೂಸಿನ ಹಳೆಯ ಜ್ವರ, ಹಳೆಯ ಕೆಮ್ಮು ನೆನಪು ಮಾಡಿಕೊಳ್ಳುತ್ತಾರೆ. ಆಮೇಲೆ ನಿನ್ನ ಮಡಿಲಿಗೆ ಯಾರೂ ಕೂಸು ಹಾಕುವುದಿಲ್ಲ. ಅದಿಲ್ಲದೆ ನೀನು ಬದುಕುವವಳಲ್ಲ. ಮೇಲಾಗಿ ಅದನ್ನು ಅಲ್ಲಿದ್ದವರೊಬ್ಬರು ಮೊಬೈಲಿನಲ್ಲಿ ತೆಗೆಯುತ್ತಾರೆ, ತೆಗೆಯದೆ ಬಿಡುತ್ತಾರೆಯೇ ಈ ಕಾಲದಲ್ಲಿ?

ಸಂಕ್ರಾಂತಿಗೆ ಎರಡನೆಯ ಭಾಗ ಬರುತ್ತದೆ. ಅದರಲ್ಲಿ ಕೆಸರವ್ವನ ಮಾತು ಇನ್ನೂ ಹೆಚ್ಚು, ಎಲ್ಲವೂ ನಿನ್ನವೇ, ಎಲ್ಲವನ್ನೂ ನಾನು ಆಗಲೇ ಆಡಿ ಕೊಟ್ಟಾಗಿದೆ. ತೆಗೆದುಹಾಕಿ ಎಂದು ಇಜಾಜಣ್ಣನ ಮುಂದೆ ಕೈ ಮುಗಿದು ಬೇಡಿಕೊಂಡೆ. “ಮಾಡಿದವರ ಕೈಯಾಗೈತಿ ಅಕ್ಕಾರ, ನನ್ನ ಕೈಯಾಗ ಏನಿಲ್ಲ. ನೋಡಾವರು ಇಂಥಾವ ಇನ್ನೂ ಬೇಕಂತಾರ” ಅಂದ. ಬೈದು ಇಳಿದು ಬಂದೆ. ಆದರೆ ಬೈಗುಳ ಸಲ್ಲಬೇಕಾದದ್ದು ಯಾರಿಗೆಂದು ಮೆಟ್ಟಿಲು ಇಳಿಯುವಾಗ ಗೊತ್ತಾಯಿತು.

ಹೀಗಾಗಿ ಇವತ್ತು ಬೆಳಿಗ್ಗೆ ಒಂದು ಕೆಲಸ ಮಾಡಿದೆ. ನನ್ನ ಮೊಬೈಲಿನಲ್ಲಿ ನನ್ನದೇ ಮುಖ ತೋರಿಸಿ ಮಾತಾಡಿದೆ. ನಾನು ಬೆಟಗೇರಿಯ ನೀಲಾ, ಮಾಗಡಿ ದೇವವ್ವನ ಮಗಳು, ಕೆಸರವ್ವನ ದನಿ ನನ್ನದು, ಮಾತು ನಮ್ಮವ್ವನದು, ಅದು ಕೂಸು ಉಳಿಯಲೆಂದು ಆಡುವ ಮಾತು ಎಂದೆ. ಆಮೇಲೆ ಕೆಸರವ್ವನ ದನಿ ತೆಗೆದು ಎರಡು ಸಾಲು ಆಡಿ ತೋರಿಸಿದೆ, ಯಾರಿಗೂ ಸಂಶಯ ಉಳಿಯದಿರಲೆಂದು. ಅದನ್ನು ಕಂತಿನ ಕೆಳಗೇ ಹಾಕಿದ್ದೇನೆ. ಹಾಕುವ ಮೊದಲು ಅತ್ತೆಗೆ ತೋರಿಸಿದೆ. ನಾಟಕದಾಕಿ ನಮ್ಮ ಮನಿಗೆ ಬ್ಯಾಡ, ಮಂದಿ ದನಿ ತಗಿಯೂದು ಇಲ್ಲಿ ನಡ್ಯಂಗಿಲ್ಲ ಎಂದು ಲಗ್ನದ ದಿನವೇ ಹೇಳಿದವಳು ನಮ್ಮತ್ತೆ, ನಿನಗೆ ನೆನಪಿದೆಯಲ್ಲ. ಅತ್ತೆ ಒಮ್ಮೆ ನೋಡಿದಳು. “ನನಗ ಹುಚ್ಚವ್ವ ಅಂತ ಯಾಕ ಹೆಸರಿಟ್ರು ಗೊತ್ತೇನ? ನನಗಿಂತ ಮೊದಲ ಮೂರು ಕೂಸು ಹ್ವಾದುವು” ಅಂದಳು. ಅಷ್ಟೇ. ನನ್ನ ತಟ್ಟೆಗೆ ಅನ್ನ ಬಡಿಸಲಿಲ್ಲ, ಮನೆ ಬಿಟ್ಟು ಹೋಗು ಎಂದೂ ಅನ್ನಲಿಲ್ಲ. ನಿನ್ನ ಅಳಿಯ ಸಂಜೆ ಪ್ರೆಸ್ಸಿನ ಕೆಲಸ ಮುಗಿಸಿ ಬಂದ ಮೇಲೆ ಏನಾಗುತ್ತದೋ ನೋಡಬೇಕು. ಆದದ್ದು ಆಗಲಿ.

ವಿಡಿಯೋ ಹಾಕಿದ ಮಾತ್ರಕ್ಕೆ ಹನಮಂತವ್ವ ನಂಬುವುದಿಲ್ಲ. ಮೊಬೈಲಿನಲ್ಲಿ ಕೆಟ್ಟದ್ದು ಓಡುತ್ತದೆ, ಒಳ್ಳೆಯದು ಕುಂಟುತ್ತದೆ. ಹೀಗಾಗಿ ಶನಿವಾರ ಮುಂಜಾನೆಯ ಬಸ್ಸಿಗೆ ನಾನು ಶಿರಹಟ್ಟಿಗೆ ಹೋಗುತ್ತೇನೆ. ಆಕೆಯ ಅಂಗಳದಲ್ಲಿ ನಿಂತು, ಆಕೆಯ ಸೊಸೆಯ ಎದುರಿಗೆ, ಅದೇ ದನಿ ತೆಗೆಯುತ್ತೇನೆ. ಹೊಡೆದರೆ ಹೊಡೆಯಲಿ. ಯಾರಾದರೂ ಒದ್ದೆ ಸೀರೆಯಲ್ಲಿ ನಿಲ್ಲಲೇಬೇಕು ಎಂದರೆ ಆಡಿದವಳು ನಾನು, ನಾನೇ ನಿಲ್ಲುತ್ತೇನೆ. ಅಲ್ಲಿಂದ ನಿನ್ನಲ್ಲಿಗೆ ಬರುತ್ತೇನೆ. ಅವರು ಒಪ್ಪದೆ ಭಾನುವಾರ ಬಂದೇ ಬಂದರೆ, ಬಾಗಿಲಲ್ಲಿ ನಾನಿರುತ್ತೇನೆ. ನೀನು ಒಳಗೇ ಇರು.

ಈ ಪತ್ರ ತರುವವಳು ಅಲ್ಮಾಸಬಿ. ಬಾಗಿಲು ತೆಗೆ ಅವ್ವಾ. ಆಕೆ ಗದಗಿಗೆ ಬಂದಿದ್ದಾಳೆಂದು ತಿಳಿದು ಬಸ್‌ಸ್ಟ್ಯಾಂಡಿಗೆ ಹೋಗಿ ದನಿ ನನ್ನದು ಎಂದು ಹೇಳಿದೆ. ಅಝೀಮ ಆಕೆಯ ಸೆರಗು ಹಿಡಿದು ನಿಂತಿದ್ದ. ಆಕೆ ಕೂಗಾಡಲಿಲ್ಲ. “ಓಣ್ಯಾಗ ಹನ್ನೊಂದ ದಿನ ತಲಿ ತಗ್ಗಿಸಿ ಅಡ್ಡಾಡೇನಿ ನೀಲಕ್ಕ. ಒಂದ ಫೋನ್ ಮಾಡಿದ್ರ ಮುಗೀತಿತ್ತಲ್ಲ” ಅಂದಳು. ಅಝೀಮನನ್ನು ಸೊಂಟಕ್ಕೆ ಎತ್ತಿಕೊಂಡು, “ಪತ್ರ ಬರಿ, ನಾ ಒಯ್ತೀನಿ. ಓದಿ ಮಾತ್ರ ಹೇಳಾಂಗಿಲ್ಲ, ಅದು ನಿಮ್ಮವ್ವ ನೀವು” ಅಂದಳು. ಮಾಗಡಿ ಮೇಲೆ ಹೋಗುವ ಲಕ್ಷ್ಮೇಶ್ವರದ ಬಸ್ಸಿಗೆ ಇನ್ನೂ ಹೊತ್ತಿದೆ, ಆಕೆ ಅಲ್ಲಿ ಕಾಯುತ್ತ ಕುಳಿತಿದ್ದಾಳೆ, ನಾನು ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಶನಿವಾರ ನಾನು ಬಂದಾಗ “ಬಾ ಮಗಳ, ಕುಂಡ್ರು” ಎಂದು ಮೆತ್ತಗೆ ಮಾತಾಡಿಸಬೇಡ. ನೀನು ಬೇರೆಯವರ ಮನೆಯ ಸೊಸೆಯರನ್ನು ಹಾಗೆ ಮಾತಾಡಿಸುತ್ತೀಯ. ಬೈ. ಹುಟ್ಟಿದಾಗ ಬೈದಷ್ಟು ಬೈ. ಬಾಯಿಗೆ ಕಟ್ಟಿದ ಸೆರಗು ಬಿಚ್ಚು, ನಾಳೆ ತಿರಕಪ್ಪ ಕಾಕಾನ ಮೊಮ್ಮಗಳಿಗೆ ಮೊದಲಿನ ಹಾಗೆ ಬೈಯುತ್ತ ಎರೆ. ಅದು ಅಳುವುದು ನಿಲ್ಲಿಸುತ್ತದೆ.

ನಿನ್ನ ಬೈಗುಳದಿಂದಲೇ ಉಳಿದ ಮಗಳು,
ನೀಲಾ

ತಾ.ಕ.: ಪತ್ರ ಮಡಚಿ ಲಕೋಟೆಗೆ ಹಾಕಿದವಳು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಮೇಲೆ ‘ಯಾರೋ ಬರೆದರು’ ಎಂದಿದ್ದೇನಲ್ಲ, ನಿನ್ನ ಹೆಸರು ಹಾಕಿ? ಆ ಯಾರೋ ನಾನೇ. ಆ ದಿನ ಮನೆಯಲ್ಲಿ ಎಲ್ಲರೂ ಕುಳಿತು ಕಂತು ನೋಡುತ್ತಿದ್ದರು. ನಾದಿನಿಯ ಮಗಳು “ಅತ್ತಿ, ಇದು ನಿನ್ನ ದನಿ ಇದ್ದಂಗೈತಿ” ಅಂದಳು. ಅತ್ತೆ ನನ್ನ ಮುಖ ನೋಡಿದಳು. ನಾನು ಹಿತ್ತಲಿಗೆ ಹೋಗಿ, ಮನೆಯ ಹಳೆಯ ಫೋನಿನಿಂದ, ಬೇರೆ ಹೆಸರಿನಲ್ಲಿ, ಇದು ಮಾಗಡಿ ದೇವವ್ವನ ದನಿ ಎಂದು ಬರೆದು ಬಂದೆ. ಹೊಗಳಿಕೆಯಲ್ಲಿ ನಿನಗೂ ಪಾಲು ಸಿಗಲಿ ಎಂದು ಬರೆದೆನೆಂದು ಈವರೆಗೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಹೆದರಿ ನಿನ್ನನ್ನು ಮುಂದೆ ನೂಕಿದೆ. ವಿಡಿಯೋದಲ್ಲಿಯೂ ಇದನ್ನು ಹೇಳಿಲ್ಲ, ಅಲ್ಮಾಸಬಿಗೂ ಹೇಳಿಲ್ಲ. ನಿನ್ನ ಹೆಸರು ಹೇಳಿದವಳು ಎಂದು ಊರು ಆಡಿಕೊಂಡದ್ದು ಆಕೆಯನ್ನು. ಲಕೋಟೆಗೆ ಅಂಟು ಹಚ್ಚಿಲ್ಲ. ಈ ಕೊನೆಯ ಹಾಳೆ ಬಸ್ಸಿನಲ್ಲಿ ಓದು ಎಂದು ಆಕೆಗೆ ಹೇಳಿಯೇ ಕೊಡುತ್ತೇನೆ. ಓದಿದ ಮೇಲೂ ಆಕೆ ಇದನ್ನು ತಂದು ನಿನ್ನ ಕೈಗೆ ಕೊಟ್ಟರೆ, ಮೊದಲು ಆಕೆಯನ್ನು ಒಳಗೆ ಕರೆದು ಚಹಾ ಮಾಡಿ ಕೊಡು. ನನ್ನ ವಿಚಾರ ಆಮೇಲೆ.